ಐದನೇ ಬೋಲ್ಟು

ನನ್ನ ಭಾವನಿಗೆ ಹೊಳಪೆಂದರೆ ಪ್ರಾಣ. ಮುನ್ನೂರು ಕಿಲೋ ತೂಗುವ ಹೊಸ ಗೇಟು ಮಾಡಿಸಿ, ಅದರ ಚಿಲಕ, ಹಿಡಿ, ಗೇಟಿನ ಭಾರ ಹೊರುವ ಕೀಲುಗಳಿಗೆ ಹಾಕುವ ಐದು ದಪ್ಪ ಬೋಲ್ಟು ಎಲ್ಲವನ್ನೂ ಚೀಲದಲ್ಲಿ ತುಂಬಿಕೊಂಡು ನನ್ನ ಕಾರ್ಖಾನೆಗೆ ಬಂದರು. ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಲೇಪ ಹಾಕುವುದು ನನ್ನ ಮೂವತ್ತು ವರ್ಷದ ಕಸುಬು. ಅದಕ್ಕೇ ಅವರು ನನ್ನನ್ನು ತುಕ್ಕಣ್ಣ ಎಂದು ಕರೆಯುವುದು.

"ಎಲ್ಲಕ್ಕೂ ಕ್ರೋಮ್ ಹಾಕು. ನೋಡಿದ್ರೆ ಮುಖ ಕಾಣ್ಬೇಕು," ಎಂದರು.

"ಭಾವ, ಚಿಲಕಕ್ಕೆ, ಹಿಡಿಗೆ ಹಾಕೋಣ. ಬೋಲ್ಟಿಗೆ ಬೇಡ. ಅದು ಗಟ್ಟಿ ಉಕ್ಕು. ಪೇಂಟ್ ಹೊಡೆದು ಗ್ರೀಸ್ ಹಚ್ಚಿದ್ರೆ ಸಾಕು."

"ಪೇಂಟಾ? ನಾನೇನು ದನದ ಕೊಟ್ಟಿಗೆ ಕಟ್ಸಿದೀನಾ? ನಿನಗೆ ಹೊಟ್ಟೆಕಿಚ್ಚು ಕಣೋ ತುಕ್ಕಣ್ಣ. ನಿನ್ನ ಮನೆಗೆ ಗೇಟೇ ಇಲ್ವಲ್ಲ."

ಪಕ್ಕದಲ್ಲಿದ್ದ ಗಿರಾಕಿಗಳು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಗಟ್ಟಿ ಉಕ್ಕನ್ನು ಆಸಿಡ್ಡಿನಲ್ಲಿ ತೊಳೆದು ಕ್ರೋಮಿನ ತೊಟ್ಟಿಗೆ ಇಳಿಸಿದರೆ ಒಳಗೆ ಅನಿಲ ಸೇರಿಕೊಳ್ಳುತ್ತದೆ. ತೆಗೆದ ಕೂಡಲೇ ಒಲೆಯಲ್ಲಿಟ್ಟು ಇಡೀ ದಿನ ಕಾಯಿಸಿದರೆ ಅದು ಹೊರಹೋಗುತ್ತದೆ. ಕಾಯಿಸದಿದ್ದರೆ ಮೇಲೆ ಕನ್ನಡಿ, ಒಳಗೆ ಬಿರುಕು. ಭಾರ ಹೊತ್ತ ಬೋಲ್ಟು ಎರಡೋ ಮೂರೋ ದಿನಕ್ಕೆ ಸುಳಿವೇ ಕೊಡದೆ ಮುರಿಯಬಹುದು.

ಭಾವನಿಗೆ ಸಂಜೆಯೊಳಗೆ ಬೇಕಿತ್ತು. ಕಾಯಿಸಬೇಕು, ನಾಳೆ ಬನ್ನಿ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ನಿಮ್ಮ ಗೇಟು, ನಿಮ್ಮ ಹಣೆಬರಹ ಅಂದುಕೊಂಡು ಬೋಲ್ಟಿಗೂ ಕ್ರೋಮ್ ಹಾಕಿ, ಕಾಯಿಸದೆಯೇ ಕೊಟ್ಟುಬಿಟ್ಟೆ. ಆ ಗೇಟನ್ನು ದಿನಾ ಎಳೆಯುವವಳು ಅಕ್ಕ ಎಂಬುದು ಸಿಟ್ಟಿನಲ್ಲಿ ಹೊಳೆಯಲೇ ಇಲ್ಲ. ಅಮ್ಮ ಹೋದ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳು.

ಗೇಟಿಗೆ ನಾಲ್ಕು ಸಾಕಿತ್ತು. ಐದನೆಯದನ್ನು ಭಾವ ಇಲ್ಲೇ ಬಿಟ್ಟುಹೋದರು. ರಾತ್ರಿಯೆಲ್ಲ ನಿದ್ದೆ ಬರದೆ ಮರುದಿನ ಅದನ್ನು ಕಾರ್ಖಾನೆಯ ಕಬ್ಬಿಣದ ಬಾಗಿಲಿನ ಕೀಲಿಗೆ ಹಾಕಿದೆ. ಮುರಿಯುವುದಿಲ್ಲ, ನೋಡು, ಎಂದು ನನಗೆ ನಾನೇ ಧೈರ್ಯ ಹೇಳಿಕೊಳ್ಳಲು.

ಮೂರನೇ ದಿನ ಸಂಜೆ ಬಾಗಿಲ ಬಳಿ ಯಾರೂ ಇರಲಿಲ್ಲ, ಗಾಳಿಯೂ ಇರಲಿಲ್ಲ. ಟಕ್ ಎಂದಿತು. ಬಾಗಿಲು ವಾಲಿತು. ಬೋಲ್ಟಿನ ತಲೆ ಉರುಳಿಕೊಂಡು ನನ್ನ ಕಾಲ ಬಳಿ ಬಂದು ನಿಂತಿತು. ಫಳಫಳ ಹೊಳೆಯುತ್ತಿತ್ತು.

ತಕ್ಷಣ ಅಕ್ಕನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಅವಳು ಫೋನನ್ನು ಅಡುಗೆಮನೆಯಲ್ಲಿ ಬಿಟ್ಟು ಅಂಗಳ, ಹಿತ್ತಿಲು ಎಂದು ಓಡಾಡುವವಳು. ಗಡಿಯಾರದಲ್ಲಿ ಆರು ಗಂಟೆ. ಭಾವ ಮನೆಗೆ ಬರುವ ಹೊತ್ತು. ಆ ಮಹಾರಾಯರು ಕಾರಿನಿಂದ ಇಳಿಯುವವರಲ್ಲ. ಮೂರು ಸಲ ಹಾರ್ನ್ ಹೊಡೆದರೆ ಅಕ್ಕ ಓಡಿಬಂದು ಗೇಟು ತೆಗೆಯಬೇಕು.

ಭಾವನಿಗೆ ಮಾಡಿದೆ. ಎತ್ತಿದರು.

"ಭಾವ, ಎಲ್ಲಿದೀರಿ?"

"ಮನೆ ಮುಂದೇನೇ. ಬೋಲ್ಟು ಹೇಗೆ ಮಿಂಚ್ತಾ ಇವೆ ಗೊತ್ತಾ? ಈಗಲಾದ್ರೂ ಒಪ್ಕೋ."

"ಹಾರ್ನ್ ಹೊಡೀಬೇಡಿ. ಅಕ್ಕನ್ನ ಗೇಟು ಮುಟ್ಟೋಕೆ ಬಿಡಬೇಡಿ. ತಪ್ಪು ನಂದು ಭಾವ, ಬೋಲ್ಟು ಕಾಯಿಸ್ಲಿಲ್ಲ. ಮುರಿಯತ್ತೆ ಅದು."

ಅವರು ನಕ್ಕರು. "ಇನ್ನೂ ಹೊಟ್ಟೆಕಿಚ್ಚು ಆರಿಲ್ವೇನೋ ತುಕ್ಕಣ್ಣ?"

ಹಾರ್ನ್ ಮೂರು ಸಲ ಕೇಳಿಸಿತು.

"ನಿಮ್ಮ ಕಾಲಿಗೆ ಬೀಳ್ತೀನಿ ಭಾವ, ಕೆಳಗಿಳೀರಿ."

"ಅಗೋ, ಬಂದ್ಳು ನಿನ್ನ ಅಕ್ಕ. ಅವಳಿಗೇ ಹೇಳು," ಎಂದು ಇನ್ನೂ ನಗುತ್ತಲೇ ಇದ್ದರು.

"ಯಾರ್ರೀ ಅದು, ನನ್ನ ತಮ್ಮನಾ?" ಎಂಬ ಅಕ್ಕನ ದನಿ ದೂರದಿಂದ ಕೇಳಿಸಿತು. ಚಿಲಕ ಸರಿಯಿತು. ಆಮೇಲೆ ಟಕ್ ಎಂದಿತು, ಅದರ ಬೆನ್ನಿಗೇ ಇನ್ನೊಂದು.

ಭಾವನ ನಗು ನಿಂತಿತು.