ಹಿಟ್ಟು ಮೆತ್ತಿದ ಫೋನು

ಬ್ರೆಡ್ಡಿನವಳಿಗೆ ಸಾಕೋಸಾಕಾಗಿತ್ತು. ಮನೆಯಲ್ಲೇ ಬ್ರೆಡ್ಡು, ಬನ್ನು ಮಾಡಿ ಮಾರುವವಳಿಗೆ ಆರ್ಡರ್ ಬರುವುದೆಲ್ಲ ಫೋನಿನಲ್ಲೇ. ಆ ಫೋನೋ, ನಾಲ್ಕು ವರ್ಷದ ಮಗಳು ಪಿಟ್ಟಿಯ ಪಿತ್ರಾರ್ಜಿತ ಆಸ್ತಿ! ಅದರಲ್ಲಿ ಮೊಲದ ಆಟ ಆಡುವ ಮಧ್ಯೆ ಯಾರಾದರೂ ಕರೆ ಮಾಡಿದರೆ ಪಿಟ್ಟಿ ಕೆಂಪು ಗುಂಡಿ ಒತ್ತಿಬಿಡುತ್ತಿದ್ದಳು. ಕ್ಯಾಂಟೀನಿನ ಯಜಮಾನರಂತೂ ರೇಗಿ, "ಇನ್ನೊಂದ್ಸಲ ಕಟ್ ಆದ್ರೆ ಬೇರೆಯವರನ್ನ ನೋಡ್ಕೋತೀನಮ್ಮ" ಎಂದು ಖಡಾಖಂಡಿತವಾಗಿ ಹೇಳಿದ್ದರು. ಅವರೊಬ್ಬರು ಕೈಬಿಟ್ಟರೆ ಓವನ್ ಆರಿಸಿ ಕೂರಬೇಕಾಗಿತ್ತು.

ಫೋನಿಗೆ ಗುಟ್ಟಿನ ನಂಬರ್ ಹಾಕಿದಳು. ಪಿಟ್ಟಿ ತೆಗೆದಳು. ನಂಬರ್ ಬದಲಿಸಿದಳು. ಪಿಟ್ಟಿ ಅದನ್ನೂ ತೆಗೆದಳು.

"ಅತ್ತೆ, ನೀವೇ ತಾನೇ ಅವಳಿಗೆ ನಂಬರ್ ಹೇಳ್ಕೊಡ್ತಿರೋದು?"

"ನಂಗ್ಯಾಕಮ್ಮ ನಿನ್ನ ಫೋನಿನ ಉಸಾಬರಿ? ಇನ್ಮೇಲೆ ಅದನ್ನ ಮುಟ್ಟಿದ್ರೆ ಕೇಳು!" ಅತ್ತೆ ಮುಖ ಊದಿಸಿಕೊಂಡು ಕುಳಿತರು.

ಕೊನೆಗೆ ಮಗಳನ್ನೇ ಹಿಡಿದು ಕೇಳಿದಳು. ಪಿಟ್ಟಿ ಪರದೆ ತೋರಿಸಿದಳು. "ಹಿಟ್ಟು ಮೆತ್ಕೊಂಡಿರೋ ಕಡೆ ಒತ್ತೋದು. ಜಾಸ್ತಿ ಬೆಳ್ಳಗಿರೋದು ಮೊದ್ಲು."

ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಹಿಟ್ಟು ಇವಳ ಬೆರಳಿನದೇ! ಅತ್ತೆಗೆ ತಪ್ಪಾಯಿತು ಅನ್ನಬೇಕಿತ್ತು, ಬಾಯಿ ಬರಲಿಲ್ಲ. ಕೈ ತೊಳೆದು, ಫೋನ್ ಒರೆಸಿ, ಹೊಸ ನಂಬರ್ ಹಾಕಿ ಸಿಟ್ಟನ್ನೆಲ್ಲ ಮಗಳ ಮೇಲೆ ತೀರಿಸಿಕೊಂಡಳು. "ಫೋನ್ ಕಟ್ ಮಾಡ್ಬಾರ್ದು ಅಂತ ಎಷ್ಟ್ ಸಲ ಹೇಳೋದು? ಇನ್ನು ಮುಟ್ಟಿದ್ರೆ ಕೈ ಮುರೀತೀನಿ!"

ಮರುದಿನ ಬೆಳಿಗ್ಗೆ ಮೊಣಕೈವರೆಗೂ, ಮೂಗಿನ ತುದಿಗೂ ಹಿಟ್ಟು ಮಾಡಿಕೊಂಡು ನಾದುತ್ತಿದ್ದಾಗ ಫೋನ್ ಬಡಿದುಕೊಂಡಿತು. ನೋಡಿದರೆ ಕ್ಯಾಂಟೀನಿನವರೇ.

"ಪಿಟ್ಟೀ, ಹಸಿರು ಒತ್ತಿ ಕಿವಿಗೆ ಹಿಡಿಯೇ!"

ಪಿಟ್ಟಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. "ಮುಟ್ಬೇಡ ಅಂದೆಯಲ್ಲ."

ಹುಟ್ಟಿದಾಗಿನಿಂದ ಒಂದು ಮಾತೂ ಕೇಳದವಳು ಇವತ್ತೇ ಕೇಳಬೇಕೆ!

"ಅತ್ತೆ, ನೀವಾದ್ರೂ ಎತ್ತಿ!"

"ನಾನ್ಯಾಕಮ್ಮ ಮುಟ್ಲಿ? ಆಮೇಲೆ ನಂಬರ್ ಹೇಳ್ಕೊಟ್ಟೆ ಅಂತೀಯ."

ಬೇರೆ ದಾರಿ ಕಾಣದೆ ಅವಳು ಬಗ್ಗಿ ಮೂಗಿನಿಂದಲೇ ಒತ್ತಿದಳು. ಅಷ್ಟು ಹತ್ತಿರದಿಂದ ಹಸಿರು ಯಾವುದು ಕೆಂಪು ಯಾವುದು ಎಂದು ಯಾರಿಗೆ ಕಾಣುತ್ತದೆ? ರಿಂಗ್ ಗಪ್ಪನೆ ನಿಂತಿತು. ಕೆಂಪು ಗುಂಡಿಯಿದ್ದ ಜಾಗದಲ್ಲಿ ಅವಳ ಮೂಗಿನ ಹಿಟ್ಟು ಬೆಳ್ಳಗೆ ಅಂಟಿಕೊಂಡಿತ್ತು.

ಪಿಟ್ಟಿ ಹತ್ತಿರ ಬಂದು ಅದನ್ನು ನೋಡಿದಳು. ಆಮೇಲೆ ಸೊಂಟಕ್ಕೆ ಕೈಯಿಟ್ಟುಕೊಂಡು ಅಮ್ಮನನ್ನು ಗದರಿದಳು.

"ಫೋನ್ ಕಟ್ ಮಾಡ್ಬಾರ್ದು ಅಂತ ಎಷ್ಟ್ ಸಲ ಹೇಳೋದು?"