ಲಾಂಡ್ರಿಯವನಿಗೆ ಬಂದ ಕರೆ

ಲಾಂಡ್ರಿಯವನಿಗೆ ದೇವರ ಕರೆ ಬಂದದ್ದು ಇಸ್ತ್ರಿ ಮಾಡುವಾಗ. ದೇವರಿಗೂ ಬೇರೆ ಹೊತ್ತು ಸಿಗಲಿಲ್ಲವೋ ಏನೋ, ಗಿರಾಕಿಯ ಕಾಲರು ಸುಟ್ಟುಹೋಯಿತು. ಅವನು ಮಾತ್ರ ಆ ಹೊಗೆಯಲ್ಲೇ ನಿಂತು, ಗಲ್ಲಾದ ಮೇಲೆ ಕೂತಿದ್ದ ಅಕ್ಕನಿಗೆ ಗದ್ಗದ ದನಿಯಲ್ಲಿ ಹೇಳಿದ:

"ಅಕ್ಕಾ, ಕರೆ ಬಂದಿದೆ."

"ಎಂಥದ್ದು, ಎಣ್ಣೇದಾ, ಇಂಕಿಂದಾ?" ಅಕ್ಕ ತಲೆ ಎತ್ತಲಿಲ್ಲ. "ನೆನೆಸಿಡು, ಹೋಗುತ್ತೆ."

ಬಟ್ಟೆಯ ಕರೆ ತೆಗೆದೇ ಬದುಕಿದ ಮನೆಯಲ್ಲಿ ಆ ಮಾತಿಗೆ ಬೇರೊಂದು ಅರ್ಥವೂ ಇದೆ ಎಂದು ವಿವರಿಸುವಷ್ಟರಲ್ಲಿ ಅವನಿಗೆ ಸಾಕುಸಾಕಾಯಿತು. ಕೊನೆಗೂ ಅರ್ಥವಾದಾಗ ಅಕ್ಕ, "ಓಹೋ, ಆ ಕರೇನಾ? ಅದೂ ಹೋಗುತ್ತೆ ಬಿಡು," ಎಂದಳು. ಹೋದ ವರ್ಷ ತಮ್ಮನಿಗೆ ಕೊಳಲಿನ ಹುಚ್ಚು ಹಿಡಿದಿತ್ತು, ಅದರ ಹಿಂದೆ ಜೇನು ಸಾಕುವ ಹುಚ್ಚು. ಜೇನುಗಳಿಗಾದರೂ ಬುದ್ಧಿಯಿತ್ತು, ತಾವಾಗಿಯೇ ಹಾರಿಹೋಗಿದ್ದವು.

ಮಾತು ಅವನಿಗೆ ನಾಟಿತು. ಇದೂ ಹೋಗಿಬಿಟ್ಟರೆ ಅಕ್ಕನಿಗೆ ಮುಖ ತೋರಿಸುವುದು ಹಾಗಿರಲಿ, ತನ್ನನ್ನು ತಾನೇ ನಂಬುವುದು ಹೇಗೆ ಎಂದು ನಿಜವಾಗಿಯೂ ಹೆದರಿದ.

ಹಾಗಾಗಿ ತಯಾರಿ ಜೋರಾಗಿಯೇ ನಡೆಯಿತು. ಸರಳ ಜೀವನಕ್ಕೆಂದು ಎರಡು ಬಿಳಿ ನಿಲುವಂಗಿ ಹೊಲಿಸಿ, ಗಂಜಿ ಹಾಕಿ, ಮಡಿಕೆಗೆ ಬೆರಳು ತಾಗಿದರೆ ಕೊಯ್ಯುವಂತೆ ಇಸ್ತ್ರಿ ಮಾಡಿದ. ಒಂದು ದಿನನಿತ್ಯಕ್ಕೆ, ಇನ್ನೊಂದು ದೀಕ್ಷೆಯ ದಿನಕ್ಕೆ. ವಿನಯವನ್ನು ಕನ್ನಡಿಯ ಮುಂದೆ ಕಲಿತ. ತಾನು ತಲೆ ಬಾಗಿಸಿ "ನಾನು ಯೋಗ್ಯನಲ್ಲ" ಎನ್ನಬೇಕು, ತಾನು ಸೇರಬೇಕೆಂದಿದ್ದ ಆಶ್ರಮದ ಹಿರಿಯರು "ಛೆ ಛೆ, ನಿಮ್ಮಂಥೋರಿಗೇ ಕಾಯ್ತಿದ್ವಿ" ಎನ್ನಬೇಕು. ಇಬ್ಬರ ಮಾತೂ ಅವನಿಗೆ ಬಾಯಿಪಾಠವಾಗಿತ್ತು. ಹಿರಿಯರಿಗೆ ಮಾತ್ರ ಅವರ ಪಾಲಿನದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಆಶ್ರಮಕ್ಕೆ ಹೋಗಿ ತಲೆ ಬಾಗಿಸಿ, "ನಾನು ಯೋಗ್ಯನಲ್ಲ," ಎಂದ.

"ಹೌದಾ? ಪರವಾಗಿಲ್ಲ," ಎಂದರು ಅವರು. "ಏನು ಕೆಲಸ ಬರುತ್ತೆ?"

"ಲಾಂಡ್ರಿ ಇತ್ತು..."

"ಅಯ್ಯೋ, ಬನ್ನಿ ಬನ್ನಿ! ಒಗೆಯೋ ಕಲ್ಲು ಹಿತ್ತಲಲ್ಲಿದೆ."

ಅಂಗಡಿಯಲ್ಲಿ ಯಂತ್ರವಾದರೂ ಇತ್ತು. ಪರಮಾತ್ಮನನ್ನು ಹುಡುಕಿ ಬಂದವನಿಗೆ ಸಿಕ್ಕಿದ್ದು ಸೋಪು, ಬಕೆಟ್ಟು, ಹಾಸಿಗೆ ಹಿಡಿದಿದ್ದ ಒಬ್ಬ ಮುದಿ ಸಾಧುವಿನ ಹಾಸುಬಟ್ಟೆಗಳು. ತನ್ನ ಅಧ್ಯಾತ್ಮದ ಎತ್ತರ ಯಾರ ಕಣ್ಣಿಗೂ ಬೀಳುತ್ತಿಲ್ಲವಲ್ಲ ಎಂದು ಮುನಿಸಿಕೊಂಡು ಒಂದು ದಿನ ಒಗೆಯಲೇ ಇಲ್ಲ. ಮರುದಿನ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಹೊರಟ.

ಬಾಗಿಲ ಪಕ್ಕದ ಕೋಣೆಯಲ್ಲಿ ಮುದಿ ಸಾಧು ಎದ್ದು ಕೂತು, ಹಾಸುಬಟ್ಟೆಯನ್ನು ಉಂಡೆ ಮಾಡಿ ಮಂಚದ ಕೆಳಗೆ ಬಚ್ಚಿಡಲು ಹೆಣಗುತ್ತಿದ್ದ. ಇವನನ್ನು ಕಂಡು ಮುಖ ಸಣ್ಣದು ಮಾಡಿಕೊಂಡ.

"ಯಾರಿಗೂ ಹೇಳ್ಬೇಡಪ್ಪಾ. ಕರೆ ಆಗ್ಬಿಟ್ಟಿದೆ. ಇಷ್ಟು ದಿನ ಊರಿಗೆಲ್ಲಾ ಉಪದೇಶ ಮಾಡಿದೆ, ಈಗ ನೋಡು ನನ್ನ ಅವಸ್ಥೆ."

ಲಾಂಡ್ರಿಯವನು ಕೋಣೆಯ ಸುತ್ತ ಕಣ್ಣಾಡಿಸಿದ. ಹಾಸಲು ಶುಭ್ರವಾದ ಬಟ್ಟೆ ಒಂದೂ ಇರಲಿಲ್ಲ. ಇರದಿದ್ದುದು ಯಾರ ಕೃಪೆಯಿಂದ ಎಂದು ಅವನಿಗೆ ಗೊತ್ತಿತ್ತು. ನಾಚಿಕೆಯಿಂದ ಅವನ ಮುಖ ಬಿಸಿಯಾಯಿತು.

ಚೀಲ ಕೆಳಗಿಳಿಸಿ, ದೀಕ್ಷೆಯ ನಿಲುವಂಗಿ ತೆಗೆದು ಕೊಡವಿದ. ಮಡಿಕೆಗಳು ಪಟಪಟ ಬಿಚ್ಚಿಕೊಂಡವು. ಮುದುಕನನ್ನು ಮೆಲ್ಲಗೆ ಒರೆಸಿ, ಮಗ್ಗುಲಾಗಿಸಿ, ಅದನ್ನೇ ಕೆಳಗೆ ಹಾಸಿದ. ಕನ್ನಡಿಯ ಮುಂದೆ ಕಲಿತದ್ದು ಒಂದೂ ನೆನಪಾಗಲಿಲ್ಲ.

"ಸಂಕೋಚ ಯಾಕಜ್ಜಾ," ಎಂದ. "ಕರೆ ಅಂತಾನೇ ತಾನೆ ನಾನು ಬಂದಿದ್ದು."

ಭಾನುವಾರ ಅಕ್ಕ ಬಂದಳು. ವಾಪಸ್ ಹೋಗಲು ತಮ್ಮನಿಗೂ ಸೇರಿಸಿ ಬಸ್ ಟಿಕೆಟ್ ತೆಗೆಸಿಕೊಂಡೇ ಬಂದಿದ್ದಳು. ಹಿತ್ತಲಲ್ಲಿ ಅವನು ಬಿಳಿ ನಿಲುವಂಗಿಯ ಹಳದಿ ಗುರುತನ್ನು ಕಲ್ಲಿನ ಮೇಲೆ ತಿಕ್ಕುತ್ತಿದ್ದ.

"ಏನೋ, ಕರೆ ಹೋಯ್ತಾ?" ಎಂದಳು, ತುಟಿಯಂಚಿನಲ್ಲೇ ನಗುತ್ತ.

ಅವನು ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿದ.

"ಇಲ್ಲ ಅಕ್ಕ. ನಾನೂ ಹೋಗುತ್ತೆ ಅಂದ್ಕೊಂಡಿದ್ದೆ. ಹೋಗ್ಲಿಲ್ಲ."

ಅಕ್ಕ ಅವನ ಮುಖವನ್ನೇ ನೋಡಿದಳು. ಆಮೇಲೆ ಟಿಕೆಟ್ಟುಗಳನ್ನು ಪರ್ಸಿಗೆ ತುರುಕಿ, ಹಿಂಡಲೆಂದು ನಿಲುವಂಗಿಯ ಇನ್ನೊಂದು ತುದಿ ಹಿಡಿದುಕೊಂಡಳು.