ಬೈತಲೆಯ ಕೆಳಗೆ

“ಹೇಳಿದವರೇ ಕೆಳಗೆ ನಿಲ್ಲಬೇಕು. ಇದು ಇವತ್ತು ನಿನ್ನೆ ಬಂದ ಪದ್ಧತಿಯಲ್ಲ, ನಮ್ಮಪ್ಪನ ಕಾಲದ್ದು,” ಎಂದು ಭಾವ ಸುತ್ತಿಗೆಯನ್ನು ನೆಲಕ್ಕೂರಿ, ಹಿಡಿಯ ಮೇಲೆ ಎರಡೂ ಕೈ ಇಟ್ಟುಕೊಂಡು ನಿಂತುಬಿಟ್ಟರು.

ಹಳೆಯ ಅಂಚೆ ಕಚೇರಿಯ ಹಜಾರದಲ್ಲಿ ಎಲ್ಲರ ತಲೆಯೂ ಒಟ್ಟಿಗೆ ಮಾತಕ್ಕನ ಕಡೆ ತಿರುಗಿತು. ಕುಸಿದುಬಿದ್ದಿದ್ದ ಕಮಾನು ಚಾವಣಿಯನ್ನು ಮತ್ತೆ ಕಟ್ಟಿ ಮುಗಿಸಿಯಾಗಿತ್ತು. ಕಲ್ಲಿನ ಪಕ್ಕೆಲುಬುಗಳು, ಅವುಗಳ ನಡುವೆ ಇಟ್ಟಿಗೆ, ಕೆಳಗಡೆ ಅಷ್ಟನ್ನೂ ಹೊತ್ತುಕೊಂಡ ಮರದ ಅಚ್ಚು. ಇವತ್ತು ಆ ಅಚ್ಚಿನ ಕಂಬಗಳ ಬುಡದ ಬೆಣೆಗಳನ್ನು ಸಡಿಲಿಸಬೇಕು. ಅಲ್ಲಿಂದ ಮುಂದೆ ಕಲ್ಲು ತನ್ನ ಭಾರವನ್ನು ತಾನೇ ಹೊರಬೇಕು. ಆ ಗಳಿಗೆಯಲ್ಲಿ, ಹೀಗೆ ಕಟ್ಟಿ ಎಂದು ಹೇಳಿದವರು ಅದರಡಿ ನಿಂತಿರಬೇಕೆಂಬುದು ಮೇಸ್ತ್ರಿಯಾದ ಭಾವನ ಕಸುಬಿನವರ ಕಟ್ಟಳೆ. ಯಾರೂ ನಿಲ್ಲದಿದ್ದರೆ ಅವರ ಆಳುಗಳು ಸುತ್ತಿಗೆ ಎತ್ತುವುದಿಲ್ಲ.

“ಹೇಳಿದ್ದು ನಾನಲ್ಲ ಭಾವ, ಯಾಯಾ ತಾತ. ನಾನು ಬರೀ ಬಾಯಿ.”

“ತಾತ ಹೇಳಿದ್ದು ನಮ್ಮಲ್ಲಿ ಯಾರಿಗೆ ಅರ್ಥ ಆಯ್ತು? ಅವರು ಬೈದ್ರೂ ಹೊಗಳಿದ್ರೂ ನಮಗೆ ಒಂದೇ ಥರ ಕೇಳ್ಸುತ್ತೆ. ನಾವು ಕಟ್ಟಿದ್ದು ನಿನ್ನ ಮಾತು ಕೇಳ್ಕೊಂಡು.”

“ಭಯ ಆದ್ರೆ ನನ್ನ ಬಾಂಡ್ಲಿ ತಲೆ ಮೇಲೆ ಕವುಚ್ಕೋ ಮಾತಕ್ಕ,” ಎಂದಳು ಗಾರೆ ಹೊರುವವಳು. ಎಲ್ಲರೂ ನಕ್ಕರು. ಮಾತಕ್ಕನೂ ನಕ್ಕಳು, ಆದರೆ ನಗು ತುಟಿಯಿಂದ ಕೆಳಗಿಳಿಯಲಿಲ್ಲ.

ಯಾಯಾ ತಾತ ಎಂದರೆ ಜರ್ಮನ್ ಮುದುಕ. ಇಂಥ ಚಾವಣಿ ಕಟ್ಟುವುದರಲ್ಲೇ ಕೂದಲು ಹಣ್ಣು ಮಾಡಿಕೊಂಡವರು. ಯಾರು ಏನೆಂದರೂ ‘ಯಾ, ಯಾ’ ಎಂದು ತಲೆಯಾಡಿಸುತ್ತಿದ್ದರಿಂದ ಆ ಹೆಸರು ಬಿದ್ದಿತ್ತು. ನಕ್ಷೆಗಳೆಲ್ಲ ಇಂಗ್ಲಿಷಿನಲ್ಲಿ, ಅವು ಇಂಜಿನಿಯರ್ ಹುಡುಗಿಯ ಕೈಯಲ್ಲಿ. ಮೇಸ್ತ್ರಿಗಳಿಗೆ ಜರ್ಮನ್, ಇಂಗ್ಲಿಷ್ ಎರಡೂ ಬಾರದು. ಆಗಲೇ ಭಾವ ಹೆಂಡತಿಯ ತಂಗಿ ಮಾತಕ್ಕನನ್ನು ನೆನೆಸಿಕೊಂಡದ್ದು. ಅವಳು ತಾತನ ದೇಶದಲ್ಲಿ ಕಾಯಿಲೆಯ ಮುದುಕಿಯೊಬ್ಬಳನ್ನು ವರ್ಷಗಟ್ಟಲೆ ನೋಡಿಕೊಂಡು ಬಂದವಳು. ಗಂಜಿ, ದಿಂಬು, ಮಾತ್ರೆ, ಬಿಸಿನೀರು, ‘ನಿಧಾನ ಅಮ್ಮ, ಬಿದ್ದೀರಿ’, ಇಷ್ಟೇ ಅವಳ ಜರ್ಮನ್.

ಮೊದಲ ದಿನ ತಾತ ಮೇಲಕ್ಕೆ ಕೈ ತೋರಿಸಿ ‘ಗೆವೋಲ್ಬೆ’ ಎಂದಾಗ ಅವಳು ಬಿಟ್ಟ ಬಾಯಿ ಬಿಟ್ಟಂತೆಯೇ ನಿಂತಿದ್ದಳು. ಇಂಜಿನಿಯರ್ ಹುಡುಗಿ ನಕ್ಷೆ ನೋಡಿ ‘ವಾಲ್ಟ್’ ಎಂದಳು. ಕಮಾನು ಚಾವಣಿಯ ಆ ಇಂಗ್ಲಿಷ್ ಹೆಸರೂ ಯಾರಿಗೂ ತಿಳಿಯದೆ ಇನ್ನೂ ಕೆಟ್ಟಿತು. ಸಂಜೆಯೊಳಗೆ ಕೆಲಸ ಬಿಟ್ಟು ಹೋಗುವುದೆಂದು ತೀರ್ಮಾನಿಸಿದ್ದಳು. ಅಷ್ಟರಲ್ಲಿ ತಾತ ನಕ್ಷೆಯಲ್ಲಿದ್ದ ಚಾವಣಿಯ ನೆತ್ತಿಗೆ ಕೋಲು ತಾಗಿಸಿ ‘ಶೈಟೆಲ್’ ಎಂದರು. ಅವಳಿಗೆ ಮೈ ಜುಮ್ಮೆಂದಿತು. ಅದು ಅವಳಿಗೆ ಗೊತ್ತಿದ್ದ ಮಾತು! ದಿನಾ ಬೆಳಿಗ್ಗೆ ಆ ಮುದುಕಿಯ ಬೆಳ್ಳನೆಯ ಕೂದಲನ್ನು ಬಾಚಿ, ಬಾಚಣಿಗೆಯ ತುದಿಯಿಂದ ತೆಗೆಯುತ್ತಿದ್ದ ಬೈತಲೆ.

“ಭಾವ, ಅದು ಬೈತಲೆ!” ಎಂದು ಕೂಗಿದ್ದಳು.

ಅಲ್ಲಿಂದ ಒಂದೊಂದೇ ಸಿಕ್ಕವು. ಕಲ್ಲಿನ ಪಟ್ಟಿ ‘ರಿಪ್ಪೆ’. ಮುದುಕಿಯ ಗಂಡ ಮೆಟ್ಟಿಲಿಂದ ಜಾರಿ ಮುರಿದುಕೊಂಡದ್ದು ಅದನ್ನೇ, ಪಕ್ಕೆಲುಬು. ಕಮಾನು ಇಳಿದುಬರುವ ಎರಡು ಬದಿ ‘ಶೆಂಕೆಲ್’. ಅವಳು ಸೋಪು ಹಚ್ಚಿ ತೊಳೆದಿದ್ದ ಬಡಕಲು ತೊಡೆಗಳು. ಇಂಗ್ಲಿಷಿನವರು ನೆತ್ತಿಗೆ ‘ಕ್ರೌನ್’ ಎಂದು ಕಿರೀಟವನ್ನೇ ಇಟ್ಟಿದ್ದರು, ಎರಡು ಚಾವಣಿ ಅಡ್ಡಹಾಯುವ ಅಂಚಿಗೆ ಮಾತ್ರ ‘ಗ್ರಾಯ್ನ್’ ಎಂದು ತೊಡೆಸಂದಿನ ಹೆಸರು. ನಿಘಂಟಿನಲ್ಲಿ ಅದನ್ನು ನೋಡಿ ಇಂಜಿನಿಯರ್ ಹುಡುಗಿ ಪುಸ್ತಕವನ್ನು ಪಟ್ಟನೆ ಮುಚ್ಚಿದಳು. ಗುಟ್ಟು ಹೇಗೋ ಹೊರಬಿದ್ದು, ಗಾರೆ ಹೊರುವವಳು ಆ ವಾರವೆಲ್ಲ ಆ ಮೂಲೆಗೆ ಹೋಗುವಾಗ ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದಳು. ಎರಡು ದೇಶದವರು ಸೇರಿ ಒಂದು ಮೈಯನ್ನು ಮಲಗಿಸಿಟ್ಟು ಅಳೆದು ಹೆಸರಿಟ್ಟ ಹಾಗಿತ್ತು. ಆ ಮೈಯನ್ನೇ ಮಾತಕ್ಕ ಮೇಸ್ತ್ರಿಗಳಿಗೆ ದಾಟಿಸಿದಳು. ‘ತೊಡೆಗೆ ಇನ್ನೊಂದು ವರಸೆ ಇಟ್ಟಿಗೆ’, ‘ಬೈತಲೆ ಎಡಕ್ಕೆ ಸರಿದಿದೆ’ ಎಂದರೆ ಸಾಕು, ಕೆಲಸ ನಡೆಯುತ್ತಿತ್ತು.

ಎಲ್ಲ ಸರಿಯೇ. ಆದರೆ ಒಂದು ದಿನದ ಮಾತು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದಿತ್ತು. ತೊಡೆಗಳ ಬೆನ್ನಿಗೆ ಕಲ್ಲು ಗಾರೆ ತುಂಬುವ ದಿನ ಅದು. ಬಿಸಿಲು ನೆತ್ತಿ ಸುಡುತ್ತಿತ್ತು. ತಾತ ಏಣಿಯ ಮೇಲೆ ಅರ್ಧಕ್ಕೆ ನಿಂತು, ಏದುಸಿರು ಬಿಡುತ್ತ, ಉದ್ದಕ್ಕೆ ಏನೋ ಹೇಳಿದರು. ತಲೆ ಸಿಡಿಯುತ್ತಿದ್ದ ಅವಳು ಅದನ್ನು ಒಂದೇ ತುಂಡು ಮಾಡಿದಳು: “ಎರಡೂ ತೊಡೆಗೆ ಸಮಸಮ ತುಂಬಬೇಕಂತೆ.” ಅಷ್ಟು ಉದ್ದದ ಮಾತು ಇಷ್ಟಕ್ಕೆ ಮುಗಿಯಿತೇ ಎಂದು ಭಾವ ಕೇಳಿದ್ದಕ್ಕೆ, “ತಲೆ ತಿನ್ನಬೇಡಿ ಭಾವ, ಅಷ್ಟೇ,” ಎಂದಿದ್ದಳು. ಮೇಸ್ತ್ರಿಗಳು ತುಂಬಿದರು. ತುಂಬಿದ್ದರ ಮೇಲೆ ಹಾಸುಗಲ್ಲು ಬಿತ್ತು. ಮರುದಿನ ಕೇಳೋಣವೆಂದುಕೊಂಡಳು, ನಾಚಿಕೆಯಾಯಿತು. ಆಮೇಲೆ ಭಯವಾಯಿತು. ಉಳಿದ ಮಾತಿನಲ್ಲಿ ಏನಿತ್ತೋ? ಯಾವ ಬದಿ ಮೊದಲು ಎಂದಿದ್ದರೋ, ಎಷ್ಟು ಒಣಗಬೇಕೆಂದಿದ್ದರೋ?

ಈಗ ಅದರ ಕೆಳಗೆ ನಿಲ್ಲಬೇಕು.

“ಇದೆಲ್ಲ ಆಗಲ್ಲ ಮೇಸ್ತ್ರಿಗಳೇ, ನಿಯಮ ಒಪ್ಪಲ್ಲ,” ಎಂದು ಇಂಜಿನಿಯರ್ ಹುಡುಗಿ ಮುಂದೆ ಬಂದಳು. “ಬೆಣೆ ಹೊಡೆಯೋರು ಹೇಗೂ ಅಂಚಲ್ಲಿ ಇರ್ತಾರೆ. ನಡುವೆ ಯಾಕೆ ಒಬ್ಬರು?”

“ಅಂಚಲ್ಲಿರೋ ನನ್ನ ಹುಡುಗ್ರಿಗೆ ಧೈರ್ಯ ಬೇಡ್ವೇನಮ್ಮ?” ಎಂದರು ಭಾವ. ಆಮೇಲೆ ನಾದಿನಿಯ ಕಡೆ ತಿರುಗಿ, ದನಿ ಇಳಿಸಿ, “ಬೇಡ ಅಂದ್ರೆ ಬಿಡು. ಬಲವಂತ ಮಾಡಲ್ಲ. ನಾನೇ ನಿಲ್ತೀನಿ. ನಿಮ್ಮಕ್ಕಂಗೆ ಮಾತ್ರ ಹೇಳ್ಬೇಡ,” ಎಂದರು.

ಭಾವ ಹಾಗೆಂದದ್ದೇ ಸಾಕಾಯಿತು. ಅವಳು ತಪ್ಪಾಗಿ ಹೇಳಿದ್ದರೆ ಅದರಡಿ ಸಿಕ್ಕಬೇಕಾದವರು ಇವರೇ? ಮಾತಕ್ಕ ಚೀಲವನ್ನು ಗಾರೆ ಹೊರುವವಳ ಕೈಗೆ ತುರುಕಿ, ಇಂಜಿನಿಯರ್ ಹುಡುಗಿ ಕೊಟ್ಟ ಹಳದಿ ಟೊಪ್ಪಿ ಹಾಕಿಕೊಂಡು, ಕಂಬಗಳ ನಡುವೆ ನುಸುಳಿ ಹೋಗಿ ಸರಿಯಾಗಿ ನೆತ್ತಿಯ ಕೆಳಗೆ ನಿಂತಳು.

ಹಿಂದೆ ಹೆಜ್ಜೆ ಸಪ್ಪಳ. ಯಾಯಾ ತಾತ ಬಗ್ಗಿ ಬಗ್ಗಿ ಬಂದು ಅವಳ ಪಕ್ಕ ನಿಂತು, ಬಸ್ಸಿಗೆ ಕಾಯುವವರ ಹಾಗೆ ಎರಡೂ ಕೈ ಹಿಂದೆ ಕಟ್ಟಿಕೊಂಡರು.

“ನೀವ್ಯಾಕೆ ಬಂದಿರಿ?” ಎಂದು ಅವರ ಭಾಷೆಯಲ್ಲಿ ಕೇಳಿದಳು.

“ಯಾ, ಯಾ,” ಎಂದರು ತಾತ. “ಒಳ್ಳೆ ಜಾಗ. ಇಲ್ಲಿಂದ ಚೆನ್ನಾಗಿ ಕಾಣುತ್ತೆ.”

ಭಾವ ಕೈ ಎತ್ತಿದರು. ನಾಲ್ಕೂ ಮೂಲೆಯಲ್ಲಿ ಸುತ್ತಿಗೆ ಒಟ್ಟಿಗೆ ಬಿತ್ತು, ಟಕ್. ಮರ ನರಳಿತು. ಮತ್ತೆ ಟಕ್. ಮೇಲೆಲ್ಲೋ ಪುಡಿ ಸುರಿದ ಸದ್ದು. ಈಗ ಕೇಳದಿದ್ದರೆ ಇನ್ನು ಕೇಳುವುದೇ ಇಲ್ಲ.

“ತಾತ, ತೊಡೆ ತುಂಬಿದ ದಿನ ಏಣಿ ಮೇಲೆ ನಿಂತು ಉದ್ದಕ್ಕೆ ಹೇಳಿದ್ರಲ್ಲ. ನಾನು ಪೂರ್ತಿ ಹೇಳಲಿಲ್ಲ ಅವರಿಗೆ. ಎರಡೂ ಕಡೆ ಸಮ ಅಂತ ಮಾತ್ರ ಹೇಳಿದೆ. ಉಳಿದದ್ದು ಏನು?”

ಟಕ್. ತಾತ ಹುಬ್ಬು ಗಂಟಿಕ್ಕಿ ಅವಳನ್ನೇ ನೋಡಿದರು. ನೆನಪಿಗೆ ಗುದ್ದಲಿ ಹಾಕುತ್ತಿರುವಂತೆ ತುಟಿ ಅಲುಗಿತು. ಆಮೇಲೆ ನಗುವಿಗೆ ಅವರ ಹೊಟ್ಟೆ ಕುಲುಕತೊಡಗಿತು.

“ಎರಡೂ ಕಡೆ ಸಮವಾಗಿ ತುಂಬಿ ಅಂದೆ. ಆಮೇಲೆ ಏಣಿ ಮಾಡಿದವನನ್ನ ಬೈದೆ. ಮೆಟ್ಟಿಲು ಇಷ್ಟು ದೂರ ದೂರ ಇಟ್ಟಿದ್ದಾನೆ, ಇವನೇನು ಕೊಕ್ಕರೆಗೆ ಏಣಿ ಮಾಡಿದ್ನಾ, ನನ್ನ ಸ್ವಂತ ತೊಡೆ ಹರಿದು ಹೋಗ್ತಿದೆ, ನನ್ನನ್ನ ಯಾರಾದ್ರೂ ಇಳಿಸಿ ಅಂದೆ. ಯಾರೂ ಇಳಿಸಲಿಲ್ಲ. ನಾನೂ ಆವತ್ತು ಯೋಚನೆ ಮಾಡಿದೆ, ಇವರಿಗೆ ಯಾಕೆ ಕರುಣೆಯೇ ಇಲ್ಲ ಅಂತ!”

ಮಾತಕ್ಕ ಟೊಪ್ಪಿಯ ಮೇಲೆ ಕೈ ಹೊತ್ತು ನಕ್ಕಳೋ ಅತ್ತಳೋ, ಅಂತೂ ಕಣ್ಣು ಮಂಜಾಯಿತು.

“ಏನಾಯ್ತೇ? ಏನಂತೆ?” ಎಂದು ಭಾವ ಆಚೆಯಿಂದ ಗಾಬರಿಯಲ್ಲಿ ಕೂಗಿದರು.

“ಏನಿಲ್ಲ ಭಾವ! ಹೊಡೀರಿ, ಹೊಡೀರಿ!”

ಟಕ್. ಟಕ್. ಆಗ ತಾತ ಅವಳ ತೋಳು ತಟ್ಟಿ ಮೇಲೆ ತೋರಿಸಿದರು. ಮರದ ಅಚ್ಚಿಗೂ ಕಲ್ಲಿಗೂ ನಡುವೆ, ಕೂದಲೆಳೆಯಷ್ಟು ತೆಳ್ಳಗೆ, ಆಚೆ ಕಿಟಕಿಯ ಬೆಳಕು ತೂರಿತ್ತು. ನೋಡುತ್ತಿದ್ದಂತೆ ಆ ಗೆರೆ ನೆತ್ತಿಯಿಂದ ಎರಡೂ ಬದಿಗೆ ಹರಿದುಕೊಂಡು ಹೋಯಿತು. ಮರ ಕೆಳಗಿಳಿದಿತ್ತು. ಕಲ್ಲು ಇದ್ದಲ್ಲೇ ಇತ್ತು.

ಭಾವ ಅಟ್ಟಣಿಗೆ ಹತ್ತಿ, ಹಳೆಯ ಪತ್ರಿಕೆಯ ಹಾಳೆಯೊಂದನ್ನು ಆ ಸಂದಿಯೊಳಗೆ ಈ ತುದಿಯಿಂದ ಆ ತುದಿಯವರೆಗೆ ಎಳೆದರು. ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ತಾತನೂ ಅವರ ಹಿಂದೆ ಹತ್ತಿಹೋದರು. ಇಬ್ಬರೂ ಕಲ್ಲು ಸವರುತ್ತ, ಅಂಗೈ ಬಾಗಿಸಿ ತೋರಿಸುತ್ತ, ಇವರು ಇವರ ಭಾಷೆಯಲ್ಲಿ, ಅವರು ಅವರ ಭಾಷೆಯಲ್ಲಿ, ಒಬ್ಬರ ಮಾತಿನ ಮೇಲೊಬ್ಬರು ಬಿದ್ದು ಮಾತಾಡತೊಡಗಿದರು. ಯಾರೂ ಮಾತಕ್ಕನನ್ನು ಕರೆಯಲಿಲ್ಲ.

ಅವಳು ಕೆಳಗೆ ಕಂಬವೊಂದಕ್ಕೆ ಒರಗಿ ಕುಳಿತು, ಚಪ್ಪಲಿ ಬಿಚ್ಚಿ, ಒಳಗೆ ಸೇರಿದ್ದ ಮರಳನ್ನು ಮೆಲ್ಲಗೆ ನೆಲಕ್ಕೆ ಸುರಿದಳು.